ಶಬ್ದ ಕುಡಿದ ನೀರು

ಜೂನ್ 3, ಬೆಳಿಗ್ಗೆ

ಹುಟ್ಟಿದಾಗಿನಿಂದ ಇವತ್ತಿನವರೆಗೆ ನಾನು ಒಂದೇ ಒಂದು ಸಂಗತಿಯನ್ನೂ ಮರೆತವನಲ್ಲ. ಸೂಲಗಿತ್ತಿ ನನ್ನನ್ನು ಎತ್ತಿದ್ದು ಎಡಗೈಯಲ್ಲಿ. ಅದೂ ನೆನಪಿದೆ. ಗೇಟು ಕಾಯುವ ಮೀಸೆಗೆ ಇದನ್ನು ಹೇಳಿದರೆ, ಆಗ ನೀನು ಅತ್ತದ್ದು ಯಾವ ರಾಗದಲ್ಲಿ ಅಂತ ಕೇಳಿದ. ಹೊಟ್ಟೆಕಿಚ್ಚು.

ಎಂದಿನಂತೆ ಬಾಟಲಿ ತೊಳೆದೆ. ಮೊದಲು ಸೋಪು, ಆಮೇಲೆ ನಲ್ಲಿ ನೀರು, ಆಮೇಲೆ ಭಟ್ಟಿ ಇಳಿಸಿದ ನೀರು, ಕೊನೆಗೆ ಬಿಸಿ ಪೆಟ್ಟಿಗೆಯಲ್ಲಿ ಒಣಗಿಸುವುದು. ನಾನಿಲ್ಲದಿದ್ದರೆ ಈ ಲ್ಯಾಬಿನಲ್ಲಿ ಒಂದು ಜೀವಕೋಶವೂ ಮಿಸುಕುವುದಿಲ್ಲ. ಎಲ್ಲರಿಗೂ ಹೇಳಿದ್ದೇನೆ. ಒಪ್ಪಿದವರು ಕಡಿಮೆ.

ದೊರೆಸಾನಿ ಕರೆದಳು. ನನ್ನ ಅಕ್ಕನ ಮಗಳು. ಎತ್ತರದ ಸ್ಟೂಲಿನ ಮೇಲೆ ಕೂತು ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ರಾಜ್ಯ ಆಳುತ್ತಿರುವಂತೆ ಕಾಣುತ್ತಾಳೆ, ಅದಕ್ಕೆ ಆ ಹೆಸರು. ನಾನು ಹೆಗಲ ಮೇಲೆ ಹೊತ್ತು ತಿರುಗಿಸಿದ ಕೂಸು. ಈಗ ನನಗೇ ಕೆಲಸ ಹೇಳುತ್ತಾಳೆ. ಲ್ಯಾಬಿನಲ್ಲಿ ‘ನೀವು’, ಮನೆಯಲ್ಲಿ ‘ನೀನು’.

ಅವಳ ಪ್ರಶ್ನೆ ಹೀಗೆ. ಕಿವಿಗೆ ಕೇಳದ ಶಬ್ದವನ್ನು ಜೋರಾಗಿ ನೀರಿಗೆ ಬಿಟ್ಟರೆ ಒಳಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ, ಒಡೆಯುತ್ತವೆ. ಒಡೆಯುವ ರಭಸಕ್ಕೆ ನೀರೇ ಮುರಿದು ಹೊಸ ರಾಸಾಯನಿಕ ಹುಟ್ಟುತ್ತದೆ. ಗಾಯ ತೊಳೆಯುವಾಗ ನೊರೆ ಬರಿಸುವ ಪೆರಾಕ್ಸೈಡ್ ಇದೆಯಲ್ಲ, ಅಂಥದ್ದು. ಶಬ್ದ ನಿಂತರೂ ಅದು ಸ್ವಲ್ಪ ಹೊತ್ತು ನೀರಿನಲ್ಲಿ ಉಳಿದಿರುತ್ತದೆ. ಆ ನೀರಿಗೆ ಜೀವಕೋಶ ಹಾಕಿದರೆ — ಶಬ್ದ ತಾಗದೆ, ಬರೀ ಆ ರಾಸಾಯನಿಕದಿಂದಲೇ — ಕೋಶದ ಒಳಬರಹ ಕೆಡುತ್ತದೆಯೋ ಇಲ್ಲವೋ. ಅವರು ಮ್ಯುಟೇಶನ್ ಅನ್ನುತ್ತಾರೆ. ಇಷ್ಟು ಕೇಳಲು ಇಷ್ಟು ವರ್ಷ ಓದಬೇಕಿತ್ತೇ.

ನನ್ನ ಕೆಲಸ: ಶಬ್ದ ಕುಡಿದ ನೀರು ಹನ್ನೆರಡು ಬಾಟಲಿ, ಸಾದಾ ನೀರು ಹನ್ನೆರಡು ಬಾಟಲಿ. ತುಂಬಿ, ಬೆರೆಸಿ, ಬರೀ ನಂಬರ್ ಅಂಟಿಸಬೇಕು. ಯಾವುದು ಯಾವುದು ಅಂತ ಅವಳಿಗೆ ತಿಳಿಯಬಾರದು. ತಿಳಿದರೆ ಎಣಿಸುವಾಗ ಕಣ್ಣು ತನಗೆ ಬೇಕಾದ ಕಡೆಗೆ ವಾಲುತ್ತದಂತೆ.

“ನೀವೇ ಆಗಬೇಕು ಮಾವ,” ಅಂದಳು. “ಇದರಲ್ಲಿ ನಿಮಗೆ ಏನೂ ಗೊತ್ತಾಗಲ್ಲ ನೋಡಿ, ಅದಕ್ಕೆ.”

ಹೊಗಳಿದಳೋ ತೆಗಳಿದಳೋ. ಹೊಗಳಿದಳು ಅಂತಲೇ ಇಟ್ಟುಕೊಂಡೆ.


ಜೂನ್ 5, ಸಂಜೆ

ಮುಗಿಯಿತು. ಇಡೀ ಸಂಶೋಧನೆ ಈಗ ನನ್ನ ಬುರುಡೆಯೊಳಗೆ ಕೂತಿದೆ.

ಯಂತ್ರಕ್ಕೆ ಉಕ್ಕಿನ ಬೆರಳಿನಂಥದ್ದೊಂದು. ಅದನ್ನು ನೀರಿಗೆ ಇಳಿಸುತ್ತಾರೆ. ಕೇಳಿಸದ ಶಬ್ದವಂತೆ. ಕಿವಿಗೆ ಇಲ್ಲದಿರಬಹುದು, ನನ್ನ ದವಡೆ ಹಲ್ಲಿಗೆ ಚೆನ್ನಾಗಿಯೇ ಕೇಳಿಸಿತು. ದೊರೆಸಾನಿ ಒಂದು ಜಾಡಿಗೆ ಶಬ್ದ ಬಿಟ್ಟಳು, ಇನ್ನೊಂದಕ್ಕೆ ಬಿಡಲಿಲ್ಲ. ಎರಡನ್ನೂ ನನ್ನ ಮುಂದಿಟ್ಟು ಬಾಗಿಲ ಹೊರಗೆ ಹೋಗಿ ನಿಂತಳು. ಬೇಗ ಮಾಡಿ, ಹೊತ್ತಾದರೆ ಅದರ ಸತ್ವ ಇಳಿದುಹೋಗುತ್ತೆ ಅಂತ ಅಲ್ಲಿಂದಲೇ ಅವಸರ.

ಯಾವ ಬಾಟಲಿಗೆ ಯಾವ ನೀರು ಅಂತ ಬರೆದು, ಕವರಿಗೆ ಹಾಕಿ ಅಂಟಿಸಿ, ಲ್ಯಾಬಿನ ಮುಖ್ಯಸ್ಥೆ ದೊಡ್ಡ ಮೇಡಂ ಕೈಗೆ ಕೊಡಬೇಕು ಅಂದಿದ್ದಳು. ಬರೆಯುವುದಂತೆ. ಸ್ಕೂಲಿನಲ್ಲಿ ಮೂವತ್ತರವರೆಗೆ ಮಗ್ಗಿಯನ್ನು ಹಿಂದುಮುಂದಾಗಿ ಒಪ್ಪಿಸಿದವನು ನಾನು. (ಹದಿನೇಳರವರೆಗೆ. ಹದಿನೆಂಟಕ್ಕೆ ಏಟು ಬಿತ್ತು.)

ನಾನು ನಮ್ಮೂರ ಬೀದಿಯನ್ನು ಕರೆದುಕೊಂಡು ಬಂದೆ. ಬಾವಿಯಿಂದ ತಿರುವಿನವರೆಗೆ ಇಪ್ಪತ್ತನಾಲ್ಕು ಮನೆ, ಬಾಟಲಿಗೊಂದು. ಒಂದನೆಯದು ಕಮ್ಮಾರನದು, ಎರಡನೆಯದು ಗಾಣದವರದು, ಮೂರನೆಯದು ದರ್ಜಿಯದು... ಹೀಗೆ. ಹೆಣ್ಣುಮಕ್ಕಳಿದ್ದ ಮನೆಗೆ ಶಬ್ದದ ನೀರು, ಇಲ್ಲದ ಮನೆಗೆ ಸಾದಾ ನೀರು. ಲೆಕ್ಕಕ್ಕೆ ಹನ್ನೊಂದೇ ಸಿಕ್ಕಿತು. ಮೂಲೆಮನೆಗೆ ರಜೆಯಲ್ಲಿ ಎರಡು ಜಡೆಯವಳೊಬ್ಬಳು ಬರುತ್ತಿದ್ದಳು. ಅವಳನ್ನು ಸೇರಿಸಿ ಹನ್ನೆರಡು ಮಾಡಿದೆ. ಕಣ್ಣು ಮುಚ್ಚಿ ಬೀದಿಯಲ್ಲಿ ನಡೆದರೆ ಸಾಕು, ಎಲ್ಲಾ ಸಿಕ್ಕಿಬಿಡುತ್ತದೆ.

ಬಾಟಲಿಗಳೆಲ್ಲ ಐಸ್ ನೀರಿನ ತಟ್ಟೆಯಲ್ಲಿ. ಗಾಜು ಬೆವರಿತ್ತು. ಎರಡು ನಂಬರ್ ಚೀಟಿ ಕಳಚಿಕೊಂಡವು. ಒರೆಸಿ ಅವುಗಳದೇ ಜಾಗಕ್ಕೆ ಅಂಟಿಸಿದೆ, ಮೇಲೆ ಟೇಪ್ ಸುತ್ತಿದೆ. ದೊಡ್ಡ ವಿಷಯವಲ್ಲ.

ಕವರಿನಲ್ಲಿ ಒಂದು ಹಾಳೆ ಇಟ್ಟೆ. ಅದರಲ್ಲಿ ಎರಡೇ ಸಾಲು: ‘ಕೀಲಿ ನನ್ನ ತಲೆಯಲ್ಲಿದೆ. ಕರೆದರೆ ಬಂದು ಹೇಳುತ್ತೇನೆ.’ ಮೇಡಂ ನೋಡದೆ ಬೀರುವಿನಲ್ಲಿಟ್ಟು ಬೀಗ ಹಾಕಿದರು. ತೆರೆದ ದಿನ ಆ ಮುಖ ನೋಡಬೇಕು. ಎಲ್ಲರೂ ಸುತ್ತ ನಿಂತಿರುತ್ತಾರೆ, ನಾನು ಒಪ್ಪಿಸುತ್ತೇನೆ, ಒಬ್ಬರೂ ನಡುವೆ ಬಾಯಿ ಹಾಕುವಂತಿಲ್ಲ. ಇಷ್ಟು ವರ್ಷ ಈ ಲ್ಯಾಬಿನಲ್ಲಿ ನನ್ನ ಮಾತನ್ನು ಪೂರ್ತಿ ಕೇಳಿಸಿಕೊಂಡದ್ದು ನಲ್ಲಿ ಒಂದೇ.


ಜೂನ್ 9

ಆ ನೀರಿನಲ್ಲಿ ಅದ್ದಿ ತೆಗೆದ ಕೋಶಗಳು ಈಗ ಬೆಚ್ಚನೆಯ ಪೆಟ್ಟಿಗೆಯಲ್ಲಿ ಬೆಳೆಯುತ್ತಿವೆ. ವಾರ ಕಳೆದ ಮೇಲೆ ಅವಕ್ಕೆ ವಿಷ ಹಾಕುತ್ತಾಳಂತೆ. ಒಳಬರಹ ಸರಿಯಿದ್ದವು ಆ ವಿಷ ಕುಡಿದು ಸಾಯುತ್ತವೆ. ಕೆಟ್ಟವು ಮಾತ್ರ ಬದುಕಿ, ಚುಕ್ಕೆ ಚುಕ್ಕೆಯಾಗಿ ಕಾಣುತ್ತವೆ. ಚುಕ್ಕೆ ಎಣಿಸುವುದು.

ಒಳ್ಳೆಯವು ಸತ್ತು ಕೆಟ್ಟವು ಉಳಿಯುವುದನ್ನು ನೋಡಲು ಲ್ಯಾಬ್ ಯಾಕೆ ಬೇಕು ಅಂತ ಕೇಳಿದೆ. ನಕ್ಕಳು. ನಕ್ಕರೆ ಥೇಟ್ ಅವಳ ಅಮ್ಮ.


ಜೂನ್ 12

ಅಕ್ಕ ಊಟ ಬಿಟ್ಟಿದ್ದಾಳೆ. ಕಣ್ಣು ಹಳದಿ. ನನ್ನ ಅಡುಗೆಗೆ ಹೆದರಿ ನಾಟಕ ಆಡುತ್ತಿದ್ದೀಯಾ ಅಂದೆ. ಹೌದು ಕಣೋ, ನಿನ್ನ ಸಾರು ತಿಂದು ಸಾಯೋದಕ್ಕಿಂತ ಇದು ವಾಸಿ ಅಂದಳು. ಇಬ್ಬರೂ ನಕ್ಕೆವು.

ದೊರೆಸಾನಿ ನಗಲಿಲ್ಲ. ಅಮ್ಮನ ಕೆಳರೆಪ್ಪೆ ಎಳೆದು ನೋಡಿದಳು. ಕೋಟು ಬಿಚ್ಚದೆ ಹಾಗೇ ಆಸ್ಪತ್ರೆಗೆ ಕರೆದುಕೊಂಡು ಹೋದಳು.


ಜೂನ್ 17

ಲಿವರಿನಲ್ಲಿ ಗಡ್ಡೆ. ಕುಯ್ಯಲಾಗದ ಜಾಗದಲ್ಲಿದೆ. ಔಷಧಿಗೆ ಬಗ್ಗುವ ಜಾತಿಯದ್ದಲ್ಲವಂತೆ.

ಒಂದು ದಾರಿ ಇದೆ ಅಂದರು ಡಾಕ್ಟರು. ಹೊಸದು. ಮೈಯ ಹೊರಗಿನಿಂದಲೇ ಶಬ್ದವನ್ನು ಒಂದು ಬಿಂದುವಿಗೆ ಕೂಡಿಸಿ ಗಡ್ಡೆಯನ್ನು ಒಡೆಯುವುದು. ಸ್ಕ್ಯಾನ್ ಮಾಡುವ ಶಬ್ದವೇ ಅಂತ ಅಕ್ಕ ಕೇಳಿದಳು. ಅಲ್ಲ, ಅದು ತಟ್ಟಿ ಹೋಗುವಂಥದ್ದು, ಇದು ಗುಳ್ಳೆ ಎಬ್ಬಿಸಲೆಂದೇ ಬಿಡುವಂಥದ್ದು ಅಂದರು. ಗುಳ್ಳೆ ಅಂದ ಕೂಡಲೇ ನಾನೂ ದೊರೆಸಾನಿಯೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ಗಡ್ಡೆ ಒಡೆಯುವುದು ಸರಿ. ಆ ಗುಳ್ಳೆಗಳು ಹುಟ್ಟಿಸುವ ರಾಸಾಯನಿಕ ಪಕ್ಕದ ಒಳ್ಳೆಯ ಕೋಶಗಳನ್ನು ಕೆಡಿಸಿ, ಮುಂದೆ ಇನ್ನೊಂದು ಗಡ್ಡೆಗೆ ಬಿತ್ತನೆ ಮಾಡಿದರೆ? ಆಸ್ಪತ್ರೆಯ ಕಮಿಟಿ ಕಾಯುತ್ತಿರುವುದು ಆ ಒಂದು ಉತ್ತರಕ್ಕೆ. ಉತ್ತರ ಬರಬೇಕಾದ್ದು ನಮ್ಮ ಲ್ಯಾಬಿನಿಂದ. ಕೆಡಿಸುವುದಿಲ್ಲ ಅಂತ ಬಂದರೆ ಮೊದಲ ಐದು ಜನಕ್ಕೆ ಶುರು, ಅದರಲ್ಲಿ ಅಕ್ಕನ ಹೆಸರಿದೆ. ಕೆಡಿಸುತ್ತದೆ ಅಂತ ಬಂದರೆ ಇನ್ನೂ ಆರು ತಿಂಗಳ ಪರೀಕ್ಷೆ.

“ಆರು ತಿಂಗಳು ನಾವು ಕಾಯಬಹುದು,” ಅಂದರು ಡಾಕ್ಟರು. “ಅವರು ಕಾಯೋದು ಕಷ್ಟ.”

ಮನೆಯ ಬೀಗ ತೆಗೆಯುವಾಗ ದೊರೆಸಾನಿ ಹೇಳಿದಳು: “ಸದ್ಯ, ಬಾಟಲಿ ತುಂಬಿದ್ದು ನೀನು ಮಾವ. ನನ್ನ ಕಣ್ಣು ಇನ್ಮೇಲೆ ನನ್ನ ಮಾತು ಕೇಳಲ್ಲ.”

ಹೂಂ ಅಂದೆ. ಚೀಟಿ ಕಳಚಿದ್ದು ಎರಡಲ್ಲ, ನಾಲ್ಕೈದು ಇರಬಹುದು. ಆದರೂ ಸರಿಯಾಗಿಯೇ ಅಂಟಿಸಿದ್ದೇನೆ. ಅಂಟಿಸಿದ್ದೇನೆ.


ಜೂನ್ 25, ಮಧ್ಯಾಹ್ನ

ವಾರವಿಡೀ ಇಲ್ಲಿ ಬರೆಯಲಿಲ್ಲ. ಬೆಳಿಗ್ಗೆ ಬಾಟಲಿ, ಮಧ್ಯಾಹ್ನ ವಾರ್ಡು. ಅಕ್ಕ ಕಿಟಕಿ ಪಕ್ಕದ ಮಂಚದಲ್ಲಿ. ಎದುರಿನ ಮಂಚದಲ್ಲಿ ಒಬ್ಬ ಬಸ್ ಡ್ರೈವರ್, ಚಿಕ್ಕ ವಯಸ್ಸು. ಐದರಲ್ಲಿ ಅವನೂ ಒಬ್ಬ. ಮಲಗಿದ್ದಲ್ಲೇ ಕಾಲಿನಲ್ಲಿ ಬ್ರೇಕ್ ಒತ್ತುತ್ತಿರುತ್ತಾನೆ. ಅಭ್ಯಾಸವಂತೆ. ಸಂಜೆ ಪುಟ್ಟ ಮಗಳು ಬಂದು ಅವನ ಹೊಟ್ಟೆಯ ಮೇಲೆ ಕೂರಲು ಹಟ ಮಾಡುತ್ತದೆ.

ಅಕ್ಕನ ಹತ್ತಿರ ಬೀದಿಯ ಮಾತು ತೆಗೆದೆ. ಹೊತ್ತು ಹೋಗಲಿ ಅಂತ. (ಅದಕ್ಕಲ್ಲ.) ಬಾವಿಯಿಂದ ಶುರು ಮಾಡಿದೆವು. ಮೂರನೆಯ ಮನೆಗೆ ಬಂದಾಗ, ದರ್ಜಿಗೆ ಬರೀ ಗಂಡುಮಕ್ಕಳು ಅಂದೆ.

“ಮೊದಲು ಒಂದು ಹೆಣ್ಣಿತ್ತು,” ಅಂದಳು. “ಹೆಸರಿಡೋ ಮುಂಚೆ ಹೋಯ್ತು. ನಿನಗೆಲ್ಲಿ ಗೊತ್ತಿರುತ್ತೆ.”

ಹಾಗೆ ಇನ್ನೂ ಎರಡು ಮನೆಯಲ್ಲಿತ್ತಂತೆ. ಯಾರೂ ಮಾತೆತ್ತದ ಹೆಣ್ಣುಗಳು. ನೀರು ಕೇಳಿದಳು. ಕುಡಿದು ಲೋಟ ನನ್ನ ಕೈಗೆ ಕೊಡುತ್ತಾ ಹೇಳಿದಳು:

“ಸೂಲಗಿತ್ತಿ ಎಡಗೈಲಿ ಎತ್ತಿದ್ದು ಅಂತ ಕಂಡಕಂಡವರ ಹತ್ತಿರ ಕೊಚ್ಚಿಕೊಳ್ತೀಯಲ್ಲ. ಅದು ನಿಜ ಕಣೋ. ಬಲಗೈಲಿ ಇನ್ನೊಂದಿತ್ತು.”

ನನ್ನ ಜೊತೆಗೇ ಹುಟ್ಟಿದ್ದು. ಹೆಣ್ಣು. ಆ ಸಂಜೆಗೇ ಹೋಯಿತು. ತಾನು ಸಾಯುವವರೆಗೆ ಹೇಳಬೇಡ ಅಂತ ಅಮ್ಮ ಅಂದಿದ್ದಳಂತೆ. ಅಮ್ಮ ಹೋಗಿ ಎಷ್ಟು ವರ್ಷವಾಯಿತು, ಆಮೇಲೂ ಯಾಕೆ ಹೇಳಲಿಲ್ಲ ಅಂತ ಕೇಳಿದೆ. ನೀನು ಅಷ್ಟು ಖುಷಿಯಾಗಿ ಸುಳ್ಳು ಹೇಳ್ತಿದ್ದೆ, ಕೆಡಿಸೋಕೆ ಮನಸ್ಸಾಗಲಿಲ್ಲ ಅಂದಳು.

ಎಡಗೈ ಅನ್ನುವುದನ್ನು ಚಿಕ್ಕಂದಿನಲ್ಲಿ ಯಾರ ಬಾಯಲ್ಲೋ ಕೇಳಿಸಿಕೊಂಡಿದ್ದೆನೋ ಏನೋ. ನನ್ನದೇ ತಮಾಷೆ ಅಂದುಕೊಂಡು ಇಷ್ಟು ವರ್ಷ...

ಸಾಕು.


ಜೂನ್ 29

ಎಣಿಸಿ ಮುಗಿಸಿದಳು. ಚುಕ್ಕೆಗಳಿವೆ. ಕೆಲವು ಬಾಟಲಿಗಳಲ್ಲಿ ಹೆಚ್ಚು, ಕೆಲವುಗಳಲ್ಲಿ ಕಡಿಮೆ, ಎಷ್ಟೋ ನಡುವೆ. ಎರಡು ಗುಂಪಾಗಿ ಕಣ್ಣಿಗೆ ಕಾಣುತ್ತಿಲ್ಲ. ಶಬ್ದದ್ದು ಯಾವುದು, ಸಾದಾ ಯಾವುದು ಅಂತ ಸೇರಿಸಿ ಲೆಕ್ಕ ಹಾಕಿದರೇ ತಿಳಿಯುವುದು.

ನಾಳೆ ಕವರ್ ಒಡೆಯುತ್ತಾರೆ. ಹೊಟ್ಟೆ ಕೆಟ್ಟಿದೆ ಅಂತ ರಜೆ ಕೇಳಿದೆ. ಬಂದು ಹೋಗಿ ಸಾಕು ಅಂದರು ಮೇಡಂ.


ಜೂನ್ 30

ಹೇಗೆ ಅಂದುಕೊಂಡಿದ್ದೆನೋ ಹಾಗೇ ಆಯಿತು. ಎಲ್ಲರೂ ಸುತ್ತ ನಿಂತರು.

ಮೇಡಂ ಹಾಳೆ ಬಿಡಿಸಿದರು. ಓದಿದರು. ತಿರುಗಿಸಿ ಹಿಂಬದಿ ನೋಡಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ಇದು ಸರಿಯಲ್ಲ, ಇದು ಕೆಲಸ ಮಾಡುವ ರೀತಿಯಲ್ಲ ಅಂತ ಮೆತ್ತಗೆ ಅಂದರು. ನಾಳೆ ಕಮಿಟಿ. ಬೇರೆ ದಾರಿ ಇರಲಿಲ್ಲ. “ಸರಿ, ಹೇಳಿ,” ಅಂದರು.

ಸಿಂಕಿನ ಹತ್ತಿರ ಕೈ ಒರೆಸಿಕೊಂಡು ನಿಂತೆ. ದೊರೆಸಾನಿ ಎದುರಿಗೆ, ಎಣಿಕೆಯ ಹಾಳೆ ಎದೆಗೆ ಒತ್ತಿಕೊಂಡು. ನಾನು ಹೇಳುವುದನ್ನು ಮೇಡಂ ಬರೆದುಕೊಳ್ಳುತ್ತಾರೆ.

ಒಂದು, ಶಬ್ದ. ಎರಡು, ಸಾದಾ. ಮೂರಕ್ಕೆ ಬಂದೆ. ದರ್ಜಿಯ ಮನೆ. ಹೊಲಿಗೆ ಮಿಷನ್ನಿನ ಪಕ್ಕದಲ್ಲಿ ಅಕ್ಕ ಹೇಳಿದ ಆ ಮಗು. ತಡೆದೆ. ದೊರೆಸಾನಿಯ ಕಡೆ ನೋಡಿದೆ. ಮೂರನೆಯ ಬಾಟಲಿಯ ಚುಕ್ಕೆ ಎಷ್ಟು ಅಂತ ಅವಳಿಗೆ ಗೊತ್ತು. ಅವಳ ಕೆಳತುಟಿ ಹಲ್ಲಿನಡಿ ಸಿಕ್ಕಿತ್ತು. ಆ ತುಟಿ ನನಗೆ ಗೊತ್ತು. ಚಿಕ್ಕವಳಿದ್ದಾಗ ಸೂಜಿ ಕಂಡರೆ ಹಾಗೇ ಕಚ್ಚಿಕೊಳ್ಳುತ್ತಿದ್ದಳು.

ಸಾದಾ ಅಂದೆ. ತುಟಿ ಬಿಟ್ಟಿತು.

ಆಮೇಲೆ ನಾನು ಬೀದಿಗೆ ಹೋಗಲೇ ಇಲ್ಲ. ಅವಳ ತುಟಿ ನೋಡಿಕೊಂಡು ಹೇಳಿದೆ. ಚುಕ್ಕೆ ಹೆಚ್ಚಿದ್ದ ನಂಬರಿಗೆ ಕಚ್ಚುತ್ತಾಳೆ; ಕಚ್ಚಿದಾಗ ಸಾದಾ, ಬಿಟ್ಟಾಗ ಶಬ್ದ. ಬೆನ್ನ ಹಿಂದೆ ಬೆರಳು ಮಡಚಿ ಹನ್ನೆರಡು ಹನ್ನೆರಡು ಸರಿಮಾಡಿದೆ. ಅವಳಿಗೆ ತಿಳಿಯದು. ತನ್ನ ಕಣ್ಣನ್ನು ನಂಬದೆ ನನಗೆ ಬಿಟ್ಟವಳು, ಬಾಯಿ ಮುಚ್ಚಿಕೊಂಡೇ ಎಲ್ಲ ಹೇಳಿಕೊಟ್ಟಳು.

ಮೇಡಂ ಸುಮ್ಮನೆ ಬಿಡಲಿಲ್ಲ. ಹದಿನಾಲ್ಕು ಏನು ಅಂದರು. ಒಂಬತ್ತು? ಇಪ್ಪತ್ತೊಂದು? ಅಡ್ಡಾದಿಡ್ಡಿ ಕೇಳಿದರು. ತಡವರಿಸದೆ ಹೇಳಿದೆ. ಒಂದೂ ತಪ್ಪಲಿಲ್ಲ. ನೆನಪಿನ ಶಕ್ತಿ ಸುಳ್ಳಲ್ಲ ನೋಡಿ. ಆಡಿದ ಸುಳ್ಳನ್ನು ಒಂದೂ ಬಿಡದೆ ನೆನಪಿಟ್ಟುಕೊಂಡಿದ್ದೆ.

ಅದ್ಭುತ ಅಂದರು ಮೇಡಂ. ಇಷ್ಟು ವರ್ಷದಲ್ಲಿ ಮೊದಲ ಸಲ.


ಜುಲೈ 2

ಕಮಿಟಿ ಒಪ್ಪಿತು. ಹಾನಿ ಕಂಡುಬಂದಿಲ್ಲ ಅಂತ ನಮ್ಮ ಲ್ಯಾಬಿನ ಉತ್ತರ. ಐದು ಜನಕ್ಕೆ ದಿನ ಗೊತ್ತುಮಾಡಿದ್ದಾರೆ. ಮೊದಲು ಬಸ್ ಡ್ರೈವರ್. ಅದೇ ಬೆಳಿಗ್ಗೆ ಎರಡನೆಯವಳು ಅಕ್ಕ.

ಮೀಸೆ ಟೀ ಕೊಡಿಸಿದ. ಊರಿಗೆಲ್ಲ ಹೇಳುವ ಸುದ್ದಿ, ನೀನು ಯಾಕೆ ಮೂಕನಾಗಿದ್ದೀಯಾ ಅಂದ.

ಮನೆಯಲ್ಲಿ ದೊರೆಸಾನಿ ಪಾತ್ರೆ ತೊಳೆಯುತ್ತಿದ್ದಳು. ನನ್ನ ಕಡೆ ತಿರುಗದೆ ಕೇಳಿದಳು: “ಮಾವ, ಶಬ್ದದ ನೀರಿಂದ್ರಲ್ಲಿ ಸಾದಾ ನೀರಿಗಿಂತಲೂ ಚುಕ್ಕೆ ಕಡಿಮೆ ಬಂದಿದೆ. ಹಾನಿ ಇಲ್ಲ ಅಂದ್ರೆ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕಿತ್ತು. ಇದು ಅತಿಯಾಯ್ತು.”

ಅದೃಷ್ಟ ಅಂದೆ.

“ಒಂದಾದ್ರೂ ತಪ್ಪಿರಬಹುದಾ?”

“ಒಂದೋ ಎರಡೋ ಇರಬಹುದೇನೋ.”

ಒಂದೆರಡಾದರೆ ಉತ್ತರ ಬದಲಾಗುವುದಿಲ್ಲ ಅಂದಳು. ತೊಳೆದ ತಟ್ಟೆಯನ್ನೇ ಮತ್ತೆ ತೊಳೆಯತೊಡಗಿದಳು. ತನಗೇ ಹೇಳಿಕೊಳ್ಳುವಂತೆ: “ಅಮ್ಮ ಅಲ್ಲದೆ ಬೇರೆ ಯಾರಾದರೂ ಆಗಿದ್ರೆ ಇನ್ನೊಂದು ಸಲ ಮಾಡ್ತಿದ್ದೆ.”


ಜುಲೈ 5, ಸಂಜೆ

ಅಕ್ಕನಿಗೆ ಒಪ್ಪಿಗೆಯ ಕಾಗದ ತಂದುಕೊಟ್ಟರು. ಹಾನಿ ಇರಬಹುದು ಇಲ್ಲದಿರಬಹುದು ಅಂತ ಏನೇನೋ ಇತ್ತು. ಅವಳು ಓದಲಿಲ್ಲ. ನನ್ನ ತಮ್ಮನೇ ನೀರು ತುಂಬಿ ಪರೀಕ್ಷೆ ಮಾಡಿದ್ದಾನೆ, ಇನ್ನೇನು ಓದೋದು ಅಂತ ನರ್ಸಿಗೆ ಹೇಳಿ ಸಹಿ ಹಾಕಿದಳು. ಎದುರಿನ ಡ್ರೈವರ್ ಕೇಳಿಸಿಕೊಂಡ.

“ನೀವೇನಾ ಅಣ್ಣ ಅದು?” ಅಂದ. “ಹಾಗಾದ್ರೆ ನನ್ನ ಗಾಡಿ ನಿಮ್ಮ ಕೈಲಿ.”

ಅವನ ಮಗಳು ಮಂಚದ ಕಂಬಿ ಹಿಡಿದು ನನ್ನನ್ನೇ ನೋಡುತ್ತಿತ್ತು.

ಅಕ್ಕನಿಗೆ ಉಳಿದಿರುವುದು ಎಷ್ಟೋ. ಕೆಟ್ಟ ಕೋಶ ಬೆಳೆದು ಗಡ್ಡೆಯಾಗಲು ವರ್ಷಗಳು ಬೇಕು ಅಂತ ದೊರೆಸಾನಿ ಒಮ್ಮೆ ಹೇಳಿದ್ದಳು. ಅಷ್ಟು ವರ್ಷ ಅಕ್ಕನ ಹತ್ತಿರ ಇಲ್ಲ. ಅವಳಿಗೆ ಇದರಿಂದ ಲಾಭವೇ. ಆದರೆ ಈ ಹುಡುಗನಿಗೆ ಮುಂದೆ ಬೇಕಾದಷ್ಟು ವರ್ಷವಿದೆ. ಆ ರಾಸಾಯನಿಕ ನಿಜಕ್ಕೂ ಕೆಡಿಸುತ್ತದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಕೆಡಿಸದೇ ಇರಬಹುದು. ಗೊತ್ತಾಗಬೇಕಾಗಿದ್ದ ದಾರಿಯನ್ನೇ ನಾನು ಮುಚ್ಚಿದ್ದೇನೆ.

ಹೇಳಿದರೆ ಐದೂ ಜನರದ್ದು ನಿಲ್ಲುತ್ತದೆ. ಅಕ್ಕನದೂ.

ಅಕ್ಕ ನಿದ್ದೆ ಹೋದಳು. ಎಡಗೈ ಮಂಚದಿಂದ ಇಳಿಬಿದ್ದಿತ್ತು. ಎತ್ತಿ ಒಳಗಿಟ್ಟೆ.


ಜುಲೈ 6, ಬೆಳಿಗ್ಗೆ, ವಾರ್ಡಿನ ಹೊರಗಿನ ಬೆಂಚು

ಡ್ರೈವರನ್ನು ಕರೆದೊಯ್ಯುವ ಗಾಲಿಮಂಚ ಬಂದು ನಿಂತಿದೆ. ಅವನು ಕೂದಲು ಬಾಚಿಸಿಕೊಳ್ಳುತ್ತಿದ್ದಾನೆ. ದೊರೆಸಾನಿ ಇನ್ನೇನು ಬರುತ್ತಾಳೆ.

ಯಾರೂ ಓದದ ಈ ಪುಸ್ತಕಕ್ಕೂ ಸುಳ್ಳು ಬರೆದಿದ್ದೇನೆ. ದರ್ಜಿಯ ಮಗುವಿನಿಂದ ಬೀದಿ ಕಲೆಸಿತು ಅನ್ನುವ ಹಾಗೆ ಬರೆದೆ. ಪಾಪ, ಆ ಮಗು ಏನು ಮಾಡಿತ್ತು. ಅವತ್ತು ಬೀದಿ ಸರಿಯಾಗಿಯೇ ಇತ್ತು. ಮನೆ ಮನೆ ನೋಡಿಯೇ ತುಂಬಿದ್ದೆ. ಒದ್ದೆ ಗಾಜಿಗೆ ಚೀಟಿ ಅಂಟುವುದಿಲ್ಲ ಅಂತ ಈ ಲ್ಯಾಬಿನಲ್ಲಿ ಎಲ್ಲರಿಗೂ ಪಾಠ ಹೇಳುವವನು ನಾನೇ. ಅವಸರದಲ್ಲಿ ಒರೆಸದೆ ಅಂಟಿಸಿದೆ. ಟೇಪ್ ತರಲು ಪಕ್ಕದ ಕೋಣೆಗೆ ಹೋದೆ. ಬಂದು ನೋಡಿದರೆ ಐಸ್ ಕುಸಿದು, ಬಾಟಲಿಗಳು ಜಾರಿ ಒಂದರ ಪಕ್ಕಕ್ಕೊಂದು ಸರಿದಿದ್ದವು. ಚೀಟಿಗಳು ನೀರಿನ ಮೇಲೆ. ಹೊರಗೆ ಅವಳು ಆಯ್ತಾ ಮಾವ ಅನ್ನುತ್ತಿದ್ದಳು. ಆಯ್ತು ಅಂದೆ. ಕೈಗೆ ಸಿಕ್ಕ ಹಾಗೆ ಅಂಟಿಸಿದೆ. ಕವರಿನಲ್ಲಿ ತಲೆಯಲ್ಲಿದೆ ಅಂತ ಬರೆದದ್ದು ತಮಾಷೆಗಲ್ಲ, ಬರೆಯಲು ಬೇರೆ ಏನೂ ಇರಲಿಲ್ಲ.

ಗಾಲಿಮಂಚ ಹೊರಡುವ ಮುಂಚೆ ಅವಳಿಗೆ ಹೇಳಿಬಿಡಬೇಕು. ಅವಳು ಕೇಳುತ್ತಾಳೆ, ಎಷ್ಟು ಚೀಟಿ ಅಂತ. ಒಂದೆರಡು ಅನ್ನಬಾರದು. ನಾಲ್ಕೈದು ಅನ್ನಬಾರದು. ಅರ್ಧ ಅಂದರೂ ಉಳಿದರ್ಧವನ್ನು ಹಿಡಿದುಕೊಂಡು ಅಮ್ಮನಿಗಾಗಿ ಏನಾದರೂ ಲೆಕ್ಕ ಹಾಕಿಯಾಳು.

ಮೆಟ್ಟಿಲ ಹತ್ತಿರ ಬಂದಳು. ಕೈಯಲ್ಲಿ ಫ್ಲಾಸ್ಕ್. ನನ್ನ ಮುಖ ನೋಡಿದಳು, ತುಟಿ ಕಚ್ಚಿಕೊಂಡಳು.

ಕಳಚಿದ್ದು ಇಪ್ಪತ್ತನಾಲ್ಕರಲ್ಲಿ ಇಪ್ಪತ್ತನಾಲ್ಕೂ